'ಹತ್ರ' ಅಂದರೆ 'ನಿಯರ್' ಅಲ್ಲ: ಕಲಿಕೆಯ ಇಂಗ್ಲಿಷ್ ಕ್ರಿಯಾಪದಗಳಿಗೆ ಯಾವ ಪ್ರಿಪೊಸಿಷನ್ ಹಾಕಬೇಕು?

ನಾನು ಸಂಜೆ ಹೊತ್ತು ಒಂದಷ್ಟು ಜನಕ್ಕೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಕೆಲಸ ಹುಡುಕುತ್ತಿರುವವರೇ ಜಾಸ್ತಿ. ಮೊದಲ ದಿನ ಎಲ್ಲರಿಗೂ ಒಂದೇ ಕೆಲಸ ಕೊಡುತ್ತೇನೆ. ಏನು ಓದಿದಿರಿ, ಎಲ್ಲಿ ಓದಿದಿರಿ, ಯಾರ ಹತ್ರ ಏನು ಕಲಿತಿರಿ, ಐದು ಸಾಲು ಹೇಳಿ. ಹೀಗೆ ಒಂದು ಸಲ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: 'ಐ ಲರ್ನ್ಟ್ ಟೇಲರಿಂಗ್ ನಿಯರ್ ಮೈ ಆಂಟಿ.'

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಯಾಕೆಂದರೆ ಎಲ್ಲರಿಗೂ ಅರ್ಥವಾಗಿತ್ತು. ಚಿಕ್ಕಮ್ಮನ ಹತ್ರ ಟೇಲರಿಂಗ್ ಕಲಿತೆ, ಅಷ್ಟೇ ತಾನೆ? ಆದರೆ ಕನ್ನಡ ಗೊತ್ತಿಲ್ಲದವರ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ಚಿಕ್ಕಮ್ಮ ಪಕ್ಕದಲ್ಲಿ ಸುಮ್ನೆ ಕೂತಿದ್ದರು, ಹೊಲಿಗೆ ಕಲಿಸಿದವರು ಮತ್ಯಾರೋ!

ಆ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅಲ್ಲ. ಕನ್ನಡದ 'ಹತ್ರ' ಎರಡು ಕೆಲಸ ಮಾಡುತ್ತದೆ. ಇಂಗ್ಲಿಷಿನ 'ನಿಯರ್' ಒಂದೇ ಕೆಲಸ ಮಾಡುತ್ತದೆ. ನಮ್ಮ ತಪ್ಪುಗಳ ಬೇರು ಬಹುಪಾಲು ಇಲ್ಲೇ ಇದೆ. ನಾವು ಗೆ, ಇಂದ, ಅಲ್ಲಿ, ಹತ್ರ, ಬಗ್ಗೆ ಇವುಗಳಿಗೆ ಒಂದೊಂದು ಇಂಗ್ಲಿಷ್ ಪದ ಗೊತ್ತುಮಾಡಿಕೊಂಡು ಬಿಟ್ಟಿರುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಯಾವ ಪ್ರಿಪೊಸಿಷನ್, ಅಂದರೆ ಫ್ರಮ್, ಇನ್, ಅಟ್ ಥರದ ಯಾವ ಪುಟ್ಟ ಪದ ಬರಬೇಕು ಅಂತ ಮುಖ್ಯವಾಗಿ ತೀರ್ಮಾನಿಸುವುದು ಕ್ರಿಯಾಪದ. ಲರ್ನ್‌ಗೆ ಒಂದು ಒಗ್ಗುತ್ತದೆ, ಸ್ಟಡಿಗೆ ಇನ್ನೊಂದು, ಟೀಚ್‌ಗೆ ಏನೂ ಬೇಡ. ಹಾಗಾಗಿ ಪ್ರತ್ಯಯವನ್ನು ಅನುವಾದ ಮಾಡಬೇಡಿ. ಮೊದಲು ಕ್ರಿಯಾಪದ ಹಿಡಿಯಿರಿ.

ಹಂತ 1: ಕನ್ನಡ ವಾಕ್ಯವನ್ನು ಬಿಡಿಸಿ ಇಟ್ಟುಕೊಳ್ಳಿ

ಈ ವಾಕ್ಯ ನೋಡಿ: 'ಭೀಮಸೇನ ಜೋಶಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ರ ಸಂಗೀತ ಕಲಿತರು.'

ಇದರಲ್ಲಿ ಮೂರು ಪ್ರಶ್ನೆಗೆ ಉತ್ತರ ಇದೆ. ಏನು ಕಲಿತರು? ಸಂಗೀತ. ಯಾರ ಹತ್ರ? ಸವಾಯಿ ಗಂಧರ್ವರ ಹತ್ರ. ಎಲ್ಲಿ? ಕುಂದಗೋಳದಲ್ಲಿ. ಈಗ ಇಂಗ್ಲಿಷಿನಲ್ಲಿ: 'ಭೀಮಸೇನ ಜೋಶಿ ಸ್ಟಡೀಡ್ ಮ್ಯೂಸಿಕ್ ಅಂಡರ್ ಸವಾಯಿ ಗಂಧರ್ವ ಇನ್ ಕುಂದಗೋಳ್.'

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ಊರು ಮೊದಲು, ಆಮೇಲೆ ಗುರು, ಕೊನೆಗೆ ವಿದ್ಯೆ. ಇಂಗ್ಲಿಷಿನಲ್ಲಿ ವಿದ್ಯೆ ಮೊದಲು, ಗುರು ಆಮೇಲೆ, ಊರು ಕೊನೆಗೆ. ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುಗುಮುರುಗು. ಆದರೆ ಎರಡರಲ್ಲೂ ಕ್ರಿಯಾಪದಕ್ಕೆ ಅಂಟಿಕೊಂಡು ಕೂತಿರುವುದು 'ಸಂಗೀತ'ವೇ. ಅದಕ್ಕೆ ಇಂಗ್ಲಿಷಿನಲ್ಲಿ ಯಾವ ಪುಟ್ಟ ಪದವೂ ಇಲ್ಲ.

ಪ್ರತಿ ಸಲ ಹೀಗೆ ಏನು, ಯಾರ ಹತ್ರ, ಎಲ್ಲಿ, ಯಾತಕ್ಕೆ, ಹೇಗೆ ಅಂತ ಕೇಳಿಕೊಳ್ಳಿ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗಳ ಮೇಲೇ ನಿಂತಿವೆ.

ಹಂತ 2: 'ಏನು' ಅನ್ನುವುದರ ಮುಂದೆ ಖಾಲಿ ಬಿಡಿ

ನಾನು ನೋಡಿದ ಮಟ್ಟಿಗೆ ನಮ್ಮವರು ಪ್ರಿಪೊಸಿಷನ್ ಬಿಟ್ಟು ತಪ್ಪುವುದಕ್ಕಿಂತ ಬೇಡದ ಕಡೆ ಸೇರಿಸಿ ತಪ್ಪುವುದೇ ಜಾಸ್ತಿ. 'ಸ್ಟಡಿ ಅಬೌಟ್ ಫಿಸಿಕ್ಸ್', 'ಡಿಸ್ಕಸ್ ಅಬೌಟ್ ದಿ ಲೆಸನ್', 'ಜಾಯಿನ್ ಟು ಕಾಲೇಜ್', 'ಪಾಸ್ ಇನ್ ದಿ ಎಕ್ಸಾಮ್'. ಇಲ್ಲೆಲ್ಲ ನಡುವಿನ ಪದ ಕಿತ್ತು ಹಾಕಿ. ಸ್ಟಡಿ ಫಿಸಿಕ್ಸ್, ಡಿಸ್ಕಸ್ ದಿ ಲೆಸನ್, ಜಾಯಿನ್ ಎ ಕಾಲೇಜ್, ಪಾಸ್ ದಿ ಎಕ್ಸಾಮ್. ಕೈಲಾಸಂ ಲಂಡನ್ನಿಗೆ ಹೋಗಿ ಓದಿದ್ದು ಭೂವಿಜ್ಞಾನ. 'ಕೈಲಾಸಂ ಸ್ಟಡೀಡ್ ಜಿಯಾಲಜಿ ಇನ್ ಲಂಡನ್' ಅಂದರೆ ಮುಗಿಯಿತು.

'ಅಟೆಂಡ್' ಸ್ವಲ್ಪ ತಮಾಷೆಯದು. ಕ್ಲಾಸಿಗೆ ಹೋದೆ ಅನ್ನುವುದಕ್ಕೆ 'ಐ ಅಟೆಂಡೆಡ್ ದಿ ಕ್ಲಾಸ್' ಸಾಕು. 'ಅಟೆಂಡೆಡ್ ಟು ದಿ ಕ್ಲಾಸ್' ಅಂದರೆ ಕ್ಲಾಸಿನ ಬೇಕುಬೇಡ ನೋಡಿಕೊಂಡೆ ಅಂತಾಗುತ್ತದೆ. ಅದು ಮೇಷ್ಟ್ರ ಕೆಲಸ, ನಿಮ್ಮದಲ್ಲ.

ಹಾಗಾದರೆ 'ಲರ್ನ್ ಅಬೌಟ್' ಅನ್ನುವುದು ಇಲ್ಲವೇ ಇಲ್ಲವಾ? ಇದೆ. ಆದರೆ ಅದರ ಅರ್ಥ ಬೇರೆ. ಇಲ್ಲಿ ಕನ್ನಡವೇ ನಿಮ್ಮ ಸಹಾಯಕ್ಕೆ ಬರುತ್ತದೆ. ನಾವು ಮೂರು ಬೇರೆ ಬೇರೆ ಮಾತು ಬಳಸುವ ಕಡೆ ಇಂಗ್ಲಿಷ್ ಒಂದೇ 'ಲರ್ನ್' ಇಟ್ಟುಕೊಂಡು ಪ್ರಿಪೊಸಿಷನ್ ಬದಲಾಯಿಸುತ್ತದೆ.

'ಈಜು ಕಲಿತೆ' ಅಂದರೆ 'ಐ ಲರ್ನ್ಟ್ ಟು ಸ್ವಿಮ್', ಇಲ್ಲವೇ 'ಐ ಲರ್ನ್ಟ್ ಸ್ವಿಮಿಂಗ್'. ನೀರಿಗೆ ಇಳಿದಿದ್ದೀರಿ, ಕೈಕಾಲು ಬಡಿದಿದ್ದೀರಿ.

'ಈಜಿನ ಬಗ್ಗೆ ತಿಳಿದುಕೊಂಡೆ' ಅಂದರೆ 'ಐ ಲರ್ನ್ಟ್ ಅಬೌಟ್ ಸ್ವಿಮಿಂಗ್'. ಬಾವಿಕಟ್ಟೆ ಮೇಲೆ ಕೂತು ಪುಸ್ತಕ ಓದಿದ್ದೀರಿ. ಬಟ್ಟೆ ಒದ್ದೆಯಾಗಿಲ್ಲ.

'ಅವರು ತೀರಿಕೊಂಡ ಸುದ್ದಿ ಗೊತ್ತಾಯಿತು' ಅಂದರೆ 'ಐ ಲರ್ನ್ಟ್ ಆಫ್ ಹಿಸ್ ಡೆತ್'. ಇದು ಕಲಿಕೆಯೇ ಅಲ್ಲ, ಕಿವಿಗೆ ಬಿದ್ದ ವಿಷಯ. ಪತ್ರಿಕೆಯಲ್ಲಿ, ಸ್ವಲ್ಪ ಗಂಭೀರವಾದ ಕಾಗದಪತ್ರದಲ್ಲಿ ಹೀಗೆ ಬರೆಯುತ್ತಾರೆ. ಮಾತಿನಲ್ಲಿ 'ಹರ್ಡ್ ಅಬೌಟ್' ಸಾಕು.

ಹಾಗಾಗಿ ನಿಮ್ಮ ಬಾಯಲ್ಲಿ 'ಕಲಿತೆ' ಬಂದರೆ ಬರೀ ಲರ್ನ್, 'ತಿಳಿದುಕೊಂಡೆ' ಬಂದರೆ ಲರ್ನ್ ಅಬೌಟ್, 'ಸುದ್ದಿ ಗೊತ್ತಾಯಿತು' ಬಂದರೆ ಲರ್ನ್ ಆಫ್. ಈ ಅಳತೆ ಅಪರೂಪಕ್ಕೆ ಕೈಕೊಡಬಹುದು, ಆದರೆ ದಿನಬಳಕೆಗೆ ಚೆನ್ನಾಗಿ ನಡೆಯುತ್ತದೆ.

'ನೋ' ಕೂಡ ಇದೇ ಜಾತಿ. 'ಐ ನೋ ಹಿಮ್' ಅಂದರೆ ಪರಿಚಯ ಇದೆ, ಎದುರಿಗೆ ಸಿಕ್ಕರೆ ಮಾತಾಡಿಸುತ್ತೇನೆ. 'ಐ ನೋ ಅಬೌಟ್ ಹಿಮ್' ಅಂದರೆ ಅವರ ವಿಷಯ ಒಂದಷ್ಟು ಗೊತ್ತು. 'ಐ ನೋ ಆಫ್ ಹಿಮ್' ಅಂದರೆ ಹೆಸರು ಕೇಳಿದ್ದೇನೆ, ಅಷ್ಟೇ. ದೊಡ್ಡ ಸಾಹಿತಿಯೊಬ್ಬರ ಹೆಸರು ಹೇಳಿ 'ಐ ನೋ ಹಿಮ್' ಅಂದುಬಿಟ್ಟರೆ ಮುಂದಿನ ಪ್ರಶ್ನೆ 'ಅವರ ಫೋನ್ ನಂಬರ್ ಇದೆಯಾ?' ಅಂತ ಬರಬಹುದು.

ಹಂತ 3: 'ಹತ್ರ' ಬಂದಾಗ ನಿಧಾನಿಸಿ

ಕಲಿಸಿದವರ ಹೆಸರು ಹೇಳುವಾಗ ನಾವು 'ಅವರ ಹತ್ರ', 'ಅವರಲ್ಲಿ', 'ಅವರಿಂದ' ಅಂತ ಹೇಗೆ ಬೇಕಾದರೂ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ದಾರಿ: ಫ್ರಮ್, ಅಂಡರ್, ವಿತ್.

ಫ್ರಮ್ ಎಲ್ಲಕ್ಕಿಂತ ಸಡಿಲವಾದದ್ದು. ಲರ್ನ್ ಜೊತೆ ಸರಾಗವಾಗಿ ಹೋಗುತ್ತದೆ. ಅಜ್ಜಿಯಿಂದ ಕಲಿತರೂ ಫ್ರಮ್, ಯೂಟ್ಯೂಬಿಂದ ಕಲಿತರೂ ಫ್ರಮ್, ತಪ್ಪು ಮಾಡಿ ಪೆಟ್ಟು ತಿಂದು ಕಲಿತರೂ ಫ್ರಮ್. 'ಐ ಲರ್ನ್ಟ್ ಇಟ್ ಫ್ರಮ್ ಮೈ ಮಿಸ್ಟೇಕ್ಸ್.'

ಅಂಡರ್ ಹಾಗಲ್ಲ. ಒಬ್ಬ ಗುರು ಇರಬೇಕು, ಆ ಗುರು ನಿಮ್ಮನ್ನು ಶಿಷ್ಯ ಅಂತ ಒಪ್ಪಿರಬೇಕು, ಒಂದಷ್ಟು ಕಾಲ ಕಲಿಕೆ ನಡೆದಿರಬೇಕು. ಇದು ಹೆಚ್ಚಾಗಿ ಸ್ಟಡಿ ಅಥವಾ ಟ್ರೇನ್ ಜೊತೆ ಬರುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಪಾಠ ಹೇಳಿಸಿಕೊಂಡರಲ್ಲ, ಅದು 'ಸ್ಟಡೀಡ್ ಅಂಡರ್'.

ಈ ಎರಡರ ವ್ಯತ್ಯಾಸ ಹೇಳಲು ನನಗೆ ಏಕಲವ್ಯನಿಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಅರ್ಜುನ 'ಸ್ಟಡೀಡ್ ಅಂಡರ್ ದ್ರೋಣ'. ಏಕಲವ್ಯನಿಗೆ ಆ ಭಾಗ್ಯ ಸಿಗಲಿಲ್ಲ. ಮಣ್ಣಿನ ಮೂರ್ತಿ ಮುಂದಿಟ್ಟುಕೊಂಡು ತಾನೇ ಅಭ್ಯಾಸ ಮಾಡಿದ. ಅವನನ್ನು ಕೇಳಿದ್ದರೆ 'ಐ ಲರ್ನ್ಟ್ ಆರ್ಚರಿ ಫ್ರಮ್ ದ್ರೋಣ' ಅನ್ನುತ್ತಿದ್ದ. 'ಅಂಡರ್' ಅನ್ನಲು ದ್ರೋಣರು ಬಿಡುತ್ತಿರಲಿಲ್ಲ. ಆದರೂ ಹೆಬ್ಬೆರಳು ಕೇಳುವಾಗ ಗುರುವಾದರು, ಅದು ಬೇರೆ ಕಥೆ.

ವಿತ್ ಮುಖ್ಯವಾಗಿ ಜೊತೆಗಾರರಿಗೆ. 'ಐ ಸ್ಟಡಿ ವಿತ್ ಮೈ ಕಸಿನ್' ಅಂದರೆ ಇಬ್ಬರೂ ಕೂತು ಓದುತ್ತೇವೆ. ಸಂಗೀತ, ನೃತ್ಯ, ಯೋಗದಂಥ ವಿದ್ಯೆಗಳಲ್ಲಿ ಗುರುವಿನ ಹೆಸರಿಗೂ ವಿತ್ ಹಾಕುವುದುಂಟು. ಅಂಡರ್‌ಗಿಂತ ಸ್ವಲ್ಪ ಮೆತ್ತಗೆ ಕೇಳಿಸುತ್ತದೆ.

ಒಂದು ಎಚ್ಚರ. 'ಲರ್ನ್ ಫ್ರಮ್ ಹರ್' ಸರಿ. 'ಸ್ಟಡಿ ಫ್ರಮ್ ಹರ್' ಕಿವಿಗೆ ಹಿಡಿಸುವುದಿಲ್ಲ. ಸ್ಟಡಿಗೆ ಫ್ರಮ್ ಹಾಕುವುದು ಪುಸ್ತಕಕ್ಕೆ, ನೋಟ್ಸಿಗೆ: 'ಐ ಸ್ಟಡೀಡ್ ಫ್ರಮ್ ಹರ್ ನೋಟ್ಸ್.'

ಇನ್ನು 'ಇಂದ' ಅಂದರೆ ಫ್ರಮ್ ಅಂತ ಗಟ್ಟಿಮಾಡಿಕೊಂಡವರು ಜಾರಿ ಬೀಳುವ ಜಾಗ ಒಂದಿದೆ. 'ಐದು ವರ್ಷದಿಂದ ವೀಣೆ ಕಲೀತಿದ್ದೀನಿ' ಅನ್ನುವುದನ್ನು 'ಐ ಆಮ್ ಲರ್ನಿಂಗ್ ವೀಣಾ ಫ್ರಮ್ ಫೈವ್ ಇಯರ್ಸ್' ಅನ್ನುತ್ತಾರೆ. ಈ ತಪ್ಪನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ, ಅದಕ್ಕೇ ಇಷ್ಟು ಚೆನ್ನಾಗಿ ಗುರುತು ಹಿಡಿಯುತ್ತೇನೆ! ಎಷ್ಟು ಕಾಲ ಅನ್ನುವುದಕ್ಕೆ ಫಾರ್, ಯಾವಾಗಿನಿಂದ ಅನ್ನುವುದಕ್ಕೆ ಸಿನ್ಸ್. ಕ್ರಿಯಾಪದವೂ ಜೊತೆಗೆ ಬದಲಾಗುತ್ತದೆ. 'ಐ ಹ್ಯಾವ್ ಬೀನ್ ಲರ್ನಿಂಗ್ ವೀಣಾ ಫಾರ್ ಫೈವ್ ಇಯರ್ಸ್.' ಇಲ್ಲವೇ 'ಸಿನ್ಸ್ 2019'.

ಹಂತ 4: ಎಲ್ಲಿ?

ಸಂಸ್ಥೆಗೆ ಅಟ್, ಊರಿಗೆ ಇನ್. ಕುವೆಂಪು ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, 1929ರಲ್ಲಿ ಅಲ್ಲೇ ಕನ್ನಡ ಅಧ್ಯಾಪಕರಾದರು. 'ಕುವೆಂಪು ಸ್ಟಡೀಡ್ ಅಟ್ ಮಹಾರಾಜಾಸ್ ಕಾಲೇಜ್ ಇನ್ ಮೈಸೂರ್.' ಓದಿದ್ದಕ್ಕೂ ಅಟ್, ಕಲಿಸಿದ್ದಕ್ಕೂ 'ಟಾಟ್ ಅಟ್'. ಕನ್ನಡದಲ್ಲಿ ಎರಡೂ 'ಅಲ್ಲಿ' ಆದ್ದರಿಂದ ನಾವು ಎರಡಕ್ಕೂ ಇನ್ ಹಾಕಿಬಿಡುತ್ತೇವೆ. 'ಇನ್ ಎ ಕಾಲೇಜ್' ಅಂದರೆ ಆಕಾಶವೇನೂ ಬೀಳುವುದಿಲ್ಲ, ಆದರೆ ಕಾಲೇಜಿನ ಹೆಸರು ಹೇಳುವಾಗ ಅಟ್ ಹೆಚ್ಚು ಒಪ್ಪುತ್ತದೆ. ತರಗತಿಗೆ ಮಾತ್ರ ಇನ್: 'ಶಿ ಈಸ್ ಇನ್ ಸೆಕೆಂಡ್ ಪಿಯುಸಿ.'

ಡಿಗ್ರಿ ವಿಷಯಕ್ಕೆ ಇನ್, ಡಿಗ್ರಿ ಕೊಟ್ಟ ಸಂಸ್ಥೆಗೆ ಫ್ರಮ್: 'ಎ ಡಿಗ್ರಿ ಇನ್ ಹಿಸ್ಟರಿ ಫ್ರಮ್ ಮೈಸೂರ್ ಯೂನಿವರ್ಸಿಟಿ.' ಗ್ರಾಜುಯೇಟ್ ಅನ್ನುವ ಕ್ರಿಯಾಪದಕ್ಕೂ ಇದೇ ಫ್ರಮ್.

ಮತ್ತೆ ನಮ್ಮ ಪ್ರೀತಿಯ 'ಪಾಸ್ ಔಟ್'. 'ಐ ಪಾಸ್ಡ್ ಔಟ್ ಇನ್ 2018' ಅಂತ ಬೆಂಗಳೂರಿನಲ್ಲಿ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅಮೆರಿಕದವರಿಗೆ ಹೇಳಿದರೆ, ಪಾಪ, ಆ ವರ್ಷ ತಲೆಸುತ್ತಿ ಬಿದ್ದಿದ್ದನಾ ಅಂದುಕೊಳ್ಳುತ್ತಾರೆ. ಸೈನ್ಯದ ತರಬೇತಿ ಮುಗಿಸುವುದಕ್ಕೆ ಈ ಮಾತು ಇಂಗ್ಲಿಷಿನಲ್ಲಿ ಇದ್ದೇ ಇದೆ, ಪಾಸಿಂಗ್ ಔಟ್ ಪರೇಡ್ ಕೇಳಿದ್ದೀರಲ್ಲ. ನಾವು ಅದನ್ನು ಕಾಲೇಜಿಗೂ ಹಾಕಿಕೊಂಡಿದ್ದೇವೆ. ನಮ್ಮ ನಮ್ಮೊಳಗೆ ನಡೆಯಲಿ ಬಿಡಿ. ಹೊರದೇಶಕ್ಕೆ ಕಳಿಸುವ ರೆಸ್ಯೂಮೆಯಲ್ಲಿ ಮಾತ್ರ ಬೇಡ.

ಹಂತ 5: 'ಗೆ' ಎಲ್ಲ ಕಡೆ 'ಟು' ಆಗುವುದಿಲ್ಲ

'ಪರೀಕ್ಷೆಗೆ ಓದುತ್ತಿದ್ದೇನೆ': 'ಐ ಆಮ್ ಸ್ಟಡಿಯಿಂಗ್ ಫಾರ್ ದಿ ಎಕ್ಸಾಮ್.' ಪ್ರಿಪೇರ್, ರಿವೈಸ್, ಇವಕ್ಕೂ ಫಾರ್. ಉದ್ದೇಶ ಹೇಳುವ 'ಗೆ' ಬಂದಾಗ ಫಾರ್ ಅಂತ ಇಟ್ಟುಕೊಳ್ಳಿ.

ಇಲ್ಲೊಂದು ಅಡ್ಡ ಮಾತು. ನಮ್ಮ 'ಓದು' ಪುಸ್ತಕ ಓದುವುದಕ್ಕೂ ಆಯಿತು, ಬಿಕಾಂ ಓದುವುದಕ್ಕೂ ಆಯಿತು. ಅದಕ್ಕೇ 'ಐ ಆಮ್ ರೀಡಿಂಗ್ ಬಿಕಾಂ' ಅಂದು ಬೈಸಿಕೊಂಡವರು ಉಂಟು. ಆದರೆ ಬ್ರಿಟನ್ನಿನ ಹಳೆಯ ವಿಶ್ವವಿದ್ಯಾಲಯಗಳ ಕಡೆ 'ಶಿ ಈಸ್ ರೀಡಿಂಗ್ ಲಾ ಅಟ್ ಆಕ್ಸ್‌ಫರ್ಡ್' ಅನ್ನುವುದು ಇವತ್ತಿಗೂ ಇದೆ. ಹಾಗಂತ ಇಂಟರ್‌ವ್ಯೂನಲ್ಲಿ ವಾದಕ್ಕೆ ನಿಲ್ಲಬೇಡಿ, ಸ್ಟಡಿ ಅನ್ನಿ.

ನಿಜವಾದ ತೊಡಕು ಇರುವುದು ಟೀಚ್ ಮತ್ತು ಎಕ್ಸ್‌ಪ್ಲೇನ್ ಅನ್ನುವ ಜೋಡಿಯಲ್ಲಿ. 'ಮೇಡಂ ನನಗೆ ಲೆಕ್ಕ ಕಲಿಸಿದರು', 'ಮೇಡಂ ನನಗೆ ಲೆಕ್ಕ ವಿವರಿಸಿದರು'. ಕನ್ನಡದಲ್ಲಿ ಎರಡೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ.

ಟೀಚ್ ಪಕ್ಕದಲ್ಲೇ ವ್ಯಕ್ತಿ ಬಂದರೆ ಟು ಬೇಡ: 'ಶಿ ಟಾಟ್ ಮಿ ಮ್ಯಾಥ್ಸ್.' 'ಟಾಟ್ ಟು ಮಿ ಮ್ಯಾಥ್ಸ್' ತಪ್ಪು. ವಿಷಯ ಮೊದಲು ಬಂದು ವ್ಯಕ್ತಿ ಹಿಂದೆ ಸರಿದರೆ ಮಾತ್ರ ಟು ಬರುತ್ತದೆ: 'ಶಿ ಟೀಚಸ್ ಮ್ಯಾಥ್ಸ್ ಟು ಚಿಲ್ಡ್ರನ್.'

ಎಕ್ಸ್‌ಪ್ಲೇನ್‌ಗೆ ಟು ಬೇಕೇ ಬೇಕು: 'ಶಿ ಎಕ್ಸ್‌ಪ್ಲೇನ್ಡ್ ದಿ ಪ್ರಾಬ್ಲಮ್ ಟು ಮಿ.' 'ಎಕ್ಸ್‌ಪ್ಲೇನ್ ಮಿ' ಅನ್ನುವುದು ನಮ್ಮ ಆಫೀಸುಗಳಲ್ಲಿ ದಿನಕ್ಕೆ ನೂರು ಸಲ ಕೇಳಿಬರುತ್ತದೆ, ಆದರೂ ತಪ್ಪೇ.

ಇದಕ್ಕೆ ಕಾರಣ ಹುಡುಕುತ್ತಾ ಕೂರುವುದಕ್ಕಿಂತ ಎರಡು ವಾಕ್ಯವನ್ನೂ ಒಟ್ಟಿಗೆ ಹತ್ತು ಸಲ ಗಟ್ಟಿಯಾಗಿ ಹೇಳಿಕೊಳ್ಳುವುದು ಲೇಸು. 'ಟೀಚ್ ಮಿ, ಎಕ್ಸ್‌ಪ್ಲೇನ್ ಇಟ್ ಟು ಮಿ.' ಕಿವಿಗೆ ಅಭ್ಯಾಸವಾದರೆ ಬಾಯಿ ತಾನೇ ದಾರಿ ಹಿಡಿಯುತ್ತದೆ. ಜೊತೆಗೆ ಇನ್ನೆರಡು ಸೇರಿಸಿ: 'ಆಸ್ಕ್ ಮಿ, ಲಿಸನ್ ಟು ಮಿ.'

ಹಾಗೆಯೇ 'ಗಣಿತದಲ್ಲಿ ಚೆನ್ನಾಗಿದ್ದೇನೆ' ಅನ್ನುವುದು 'ಗುಡ್ ಅಟ್ ಮ್ಯಾಥ್ಸ್'. 'ಗಣಿತದಲ್ಲಿ ವೀಕು' ಅನ್ನುವುದು 'ವೀಕ್ ಇನ್ ಮ್ಯಾಥ್ಸ್'. ಆಸಕ್ತಿ ಇದ್ದರೆ 'ಇಂಟರೆಸ್ಟೆಡ್ ಇನ್'. ಇವು ಹೀಗೇ, ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಹಂತ 6: ಹೇಗೆ ಕಲಿತಿರಿ?

ಇಲ್ಲಿ ರಾಜ ಅಂದರೆ 'ಬೈ'. 'ಲರ್ನ್ ಬೈ ಡೂಯಿಂಗ್', ಮಾಡುತ್ತಾ ಕಲಿ. 'ಲರ್ನ್ಟ್ ಬೈ ವಾಚಿಂಗ್ ಮೈ ಮದರ್', ಅಮ್ಮ ಮಾಡುವುದನ್ನು ನೋಡಿ ಕಲಿತೆ. ಗಮನಿಸಿ, ಬೈ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ 'ಇಂಗ್' ಬಾಲ ಇರಲೇಬೇಕು. 'ಗುಡ್ ಅಟ್ ಸಿಂಗಿಂಗ್', 'ಇಂಟರೆಸ್ಟೆಡ್ ಇನ್ ಲರ್ನಿಂಗ್' ಇಲ್ಲೆಲ್ಲ ಅದೇ ನಿಯಮ. 'ಲರ್ನ್ ಟು ಸ್ವಿಮ್' ಅನ್ನುವಲ್ಲಿರುವ ಟು ಪ್ರಿಪೊಸಿಷನ್ ಅಲ್ಲ, ಅದಕ್ಕೇ ಅಲ್ಲಿ ಬಾಲ ಇಲ್ಲ.

ಬೈ ಅಂದ ಕೂಡಲೇ 'ಬೈಹಾರ್ಟ್' ನೆನಪಾಗಬೇಕು. ಎಸ್ಸೆಸ್ಸೆಲ್ಸಿ ಮಕ್ಕಳ ಬಾಯಲ್ಲಿ ಇದು ಅಪ್ಪಟ ಕನ್ನಡ ಪದ: 'ಎಲ್ಲಾ ಬೈಹಾರ್ಟ್ ಮಾಡಿದ್ದೀನಿ ಮಿಸ್!' ಇಂಗ್ಲಿಷಿಗೆ ಹೋಗುವಾಗ ಅದೇ ಹುಡುಗರು 'ಐ ಬೈಹಾರ್ಟೆಡ್ ದಿ ಪೋಯಮ್' ಅನ್ನುತ್ತಾರೆ. ಮೂಲದಲ್ಲಿ ಅದು ಕ್ರಿಯಾಪದ ಅಲ್ಲ. ಬೈ ಒಂದು ಪ್ರಿಪೊಸಿಷನ್, ಹಾರ್ಟ್ ಅದರ ಮುಂದಿನ ನಾಮಪದ. ಕ್ರಿಯಾಪದ ಲರ್ನ್: 'ಐ ಲರ್ನ್ಟ್ ದಿ ಪೋಯಮ್ ಬೈ ಹಾರ್ಟ್.' ಈಗಾಗಲೇ ಬಾಯಿಗೆ ಬರುತ್ತದೆ ಅನ್ನುವುದಾದರೆ 'ಐ ನೋ ಇಟ್ ಬೈ ಹಾರ್ಟ್'. ನಾವು ಬಾಯಿಪಾಠ, ಕಂಠಪಾಠ ಅನ್ನುತ್ತೇವೆ, ಅವರು ಎದೆಯಲ್ಲಿ ಇಟ್ಟುಕೊಳ್ಳುತ್ತಾರೆ. ಪರೀಕ್ಷೆ ಮಾರನೇ ದಿನ ಎರಡೂ ಖಾಲಿ, ಅಲ್ವಾ?

'ಮಗ್ ಅಪ್' ಕೂಡ ಬ್ರಿಟನ್ನಿನಿಂದಲೇ ಬಂದದ್ದು. ಅಲ್ಲಿ ಅದು ಪರೀಕ್ಷೆಗೋ ಮತ್ಯಾವುದಕ್ಕೋ ಬೇಗ ಬೇಗ ಓದಿ ತಯಾರಾಗುವುದು. ನಮ್ಮಲ್ಲಿ ಅರ್ಥ ಮಾಡಿಕೊಳ್ಳದೆ ಉರು ಹೊಡೆಯುವುದು. ಹೊರಗಿನವರ ಜೊತೆ ಮಾತಾಡುವಾಗ 'ಮೆಮರೈಸ್' ಅಂದರೆ ಗೊಂದಲ ಇಲ್ಲ.

ಹಂತ 7: ಬಾಲ ಉದ್ದ ಇರುವವು

ಕೆಲವಕ್ಕೆ ಎರಡೆರಡು ಪುಟ್ಟ ಪದ ಅಂಟಿರುತ್ತವೆ. ಮರೆತದ್ದನ್ನು ಮತ್ತೆ ತಿಕ್ಕಿ ಹೊಳೆಯಿಸುವುದು 'ಬ್ರಷ್ ಅಪ್ ಆನ್'. ಒಂದು ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು 'ರೀಡ್ ಅಪ್ ಆನ್'. ತಪ್ಪಿಹೋದ ಪಾಠ ಮುಗಿಸುವುದು 'ಕ್ಯಾಚ್ ಅಪ್ ಆನ್'. ಕ್ಲಾಸಿನ ವೇಗಕ್ಕೆ ಸರಿಯಾಗಿ ಹೆಜ್ಜೆ ಹಾಕುವುದು 'ಕೀಪ್ ಅಪ್ ವಿತ್'. ಓದು ಅರ್ಧಕ್ಕೆ ಬಿಡುವುದು 'ಡ್ರಾಪ್ ಔಟ್ ಆಫ್'. ಒಂದು ವಿಷಯದಲ್ಲಿ ಪರಿಣತಿ ಪಡೆಯುವುದು 'ಸ್ಪೆಷಲೈಸ್ ಇನ್'. ಇವನ್ನು ಒಂದೇ ದಿನ ನುಂಗಲು ಹೋಗಬೇಡಿ. ವಾರಕ್ಕೆ ಎರಡು ಸಾಕು.

ಹಂತ 8: ನೋಟ್‌ಬುಕ್

ಸಂದೇಹ ಬಂದರೆ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನವರ ಕಲಿಯುವವರ ಡಿಕ್ಷನರಿ ತೆರೆಯಿರಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥ ನೋಡಿ ಮುಚ್ಚಬೇಡಿ. ಕೆಳಗಿನ ಉದಾಹರಣೆ ವಾಕ್ಯಗಳಲ್ಲಿ ಕ್ರಿಯಾಪದ ಆದ ಮೇಲೆ ಯಾವ ಪದ ಬರುತ್ತಿದೆ ಅಂತ ನೋಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೀ 'ಲರ್ನ್ = ಕಲಿ' ಅಂತ ಬರೆಯದೆ ನಿಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ. ಸುಳ್ಳು ವಾಕ್ಯ ಮರೆತುಹೋಗುತ್ತದೆ. ನಿಮಗೆ ಸೈಕಲ್ ಕಲಿಸಿದ್ದು ಮಾವನಾದರೆ ಮಾವನ ಹೆಸರನ್ನೇ ಹಾಕಿ.

ಈಗ ನಿಮ್ಮ ಸರದಿ

ಟೇಲರಿಂಗ್ ಹುಡುಗಿ ಮೊದಲ ದಿನ ಬರೆದ ಐದು ಸಾಲು ಇಲ್ಲಿವೆ. ಉತ್ತರ ನೋಡುವ ಮೊದಲು ನೀವೇ ತಿದ್ದಿ.

1. 'ಐ ಪಾಸ್ಡ್ ಔಟ್ ಬಿಕಾಂ ಇನ್ 2021.'
2. 'ಐ ಲರ್ನ್ಟ್ ಟೇಲರಿಂಗ್ ನಿಯರ್ ಮೈ ಆಂಟಿ.'
3. 'ಐ ಆಮ್ ಲರ್ನಿಂಗ್ ಟ್ಯಾಲಿ ಫ್ರಮ್ ಸಿಕ್ಸ್ ಮಂತ್ಸ್.'
4. 'ಮೈ ಸರ್ ಎಕ್ಸ್‌ಪ್ಲೇನ್ಡ್ ಮಿ ಜಿಎಸ್‌ಟಿ.'
5. 'ಐ ಆಮ್ ಗುಡ್ ಇನ್ ಅಕೌಂಟ್ಸ್.'

ಮೊದಲನೆಯದು 'ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2021'. ಮೂರನೆಯದು 'ಐ ಹ್ಯಾವ್ ಬೀನ್ ಲರ್ನಿಂಗ್ ಟ್ಯಾಲಿ ಫಾರ್ ಸಿಕ್ಸ್ ಮಂತ್ಸ್'. ನಾಲ್ಕನೆಯದು 'ಮೈ ಟೀಚರ್ ಎಕ್ಸ್‌ಪ್ಲೇನ್ಡ್ ಜಿಎಸ್‌ಟಿ ಟು ಮಿ'. 'ಮೈ ಸರ್' ನಮ್ಮ ಊರಿನ ಗೌರವ, ಇಂಗ್ಲಿಷಿನಲ್ಲಿ ಟೀಚರ್ ಸಾಕು. ಐದನೆಯದಕ್ಕೆ 'ಗುಡ್ ಅಟ್'. ಅಮೆರಿಕದ ಕಡೆ ಶಾಲೆಯ ವಿಷಯಗಳಿಗೆ 'ಗುಡ್ ಇನ್' ಕೂಡ ಅನ್ನುತ್ತಾರೆ, ಹಾಗಾಗಿ ಅದಕ್ಕೆ ನಾನು ಕೆಂಪು ಗೆರೆ ಎಳೆಯಲಿಲ್ಲ.

ಎರಡನೆಯ ಸಾಲಿಗೆ ಬಂದಾಗ ಫ್ರಮ್, ಅಂಡರ್ ಎರಡನ್ನೂ ಬೋರ್ಡ್ ಮೇಲೆ ಬರೆದು, ನಿನಗೆ ಯಾವುದು ಬೇಕೋ ಆರಿಸಿಕೋ ಅಂದೆ. ಅವಳು ಯೋಚನೆ ಮಾಡದೆ 'ಫ್ರಮ್ ಮೈ ಆಂಟಿ' ಅಂತ ಬರೆದುಕೊಂಡಳು.

'ಅಂಡರ್ ಯಾಕೆ ಬೇಡ?' ಅಂತ ಕೇಳಿದೆ.

'ಅಂಡರ್ ಅಂದ್ರೆ ಚಿಕ್ಕಮ್ಮ ಫೀಸು ಕೇಳ್ತಾರೆ ಸರ್.'